ಅಳಿಸಿ ಬರೆದ ಹೆಸರು

ಇದು ನಡೆದದ್ದೇ, ಒಗ್ಗರಣೆ ಮಾತ್ರ ನನ್ನದು.

ದೊಡ್ಡವರ ಸಂಜೆ ಇಂಗ್ಲಿಷ್ ಕ್ಲಾಸಿಗೆ ವಾರಕ್ಕೊಂದು ಕತೆಯನ್ನು ಮನೆಯಲ್ಲಿ ಬರೆದು ತರಬೇಕು. ಚೆನ್ನಾಗಿರುವುದನ್ನು ಮೇಷ್ಟ್ರು ಎಲ್ಲರೆದುರು ಓದುತ್ತಾರೆ. ಐದು ವಾರವೂ ಓದಿದ್ದು ಟೈಲರ್ ಮಂಗಳಕ್ಕನದೇ. ಕಂಡಕ್ಟರ್ ಕೊಟ್ರಪ್ಪನಿಗೆ ಒಂದೊಂದು ಚಪ್ಪಾಳೆಯೂ ತನ್ನ ಕೆನ್ನೆಗೇ ಬಿದ್ದಂತಾಗುತ್ತಿತ್ತು.

"ಒಂದ್ಸಲನಾದ್ರೂ ನಂದು ಓದಿಸ್ತೀನಿ, ನೋಡ್ತಿರಕ್ಕಾ!"

"ಓದ್ಸಪ್ಪಾ, ಬ್ಯಾಡ ಅಂದೋರ್ಯಾರು?"

ಆರನೇ ವಾರದ ವಿಷಯ 'ಯಾರಿಗೂ ಹೇಳದ ಸತ್ಯ'. ಹಾಳೆಗಳನ್ನು ಒಟ್ಟುಮಾಡಿ ಕೊಡುವ ಕೆಲಸ ಕೊಟ್ರಪ್ಪನದು. ಎಲ್ಲರದೂ ಕೋಳಿ ಕೆದರಿದ ಅಕ್ಷರ, ಹೆಸರು ಮಾತ್ರ ಪೆನ್ಸಿಲಿನಲ್ಲಿ. ರಬ್ಬರಿನಿಂದ ಉಜ್ಜಿ, ಮಂಗಳಕ್ಕನ ಹಾಳೆಗೆ ತನ್ನ ಹೆಸರನ್ನೂ ತನ್ನದಕ್ಕೆ ಆಕೆಯದನ್ನೂ ಬರೆದ. ಓದಿ ನೋಡುವ ಗೋಜಿಗೆ ಹೋಗಲಿಲ್ಲ, ಮಂಗಳಕ್ಕನದೆಂದರೆ ಸಾಕಲ್ಲ!

"ಈ ವಾರ ನಮ್ಮ ಕೊಟ್ರಪ್ಪನವರದು!" ಎಂದರು ಮೇಷ್ಟ್ರು. ಕೊಟ್ರಪ್ಪ ಕಾಲರ್ ಸರಿಮಾಡಿಕೊಂಡು ಎದ್ದು ನಿಂತ. ಮೇಷ್ಟ್ರು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದರು: "ಇಷ್ಟು ದಿನ ನನ್ನ ಕತೆಗಳನ್ನೆಲ್ಲ ಬರೆದುಕೊಟ್ಟದ್ದು ಏಳನೇ ಕ್ಲಾಸಿನ ನನ್ನ ಮಗಳು. ಕ್ಷಮಿಸಿ."

ಇಡೀ ಕ್ಲಾಸು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮಂಗಳಕ್ಕ.