ಶ್ರೀಶೈಲ ಹೇಳಹೊರಟ ಸುದ್ದಿ

ಶ್ರೀಶೈಲ ಕೊಟ್ಟ ಯೇಸುವಿನ ಸುವಾರ್ತೆಯ ಪುಟ್ಟ ಪುಸ್ತಕವನ್ನು ಬೀರಪ್ಪ ತೆರೆದೂ ನೋಡಲಿಲ್ಲ. ಟ್ರ್ಯಾಕ್ಟರಿನ ಸೀಟಿನ ಮೇಲಿಂದಲೇ ನೆಲಕ್ಕೆ ಒಗೆದ.

"ಹೋದ ವರ್ಷ ನಮ್ಮ ಜೋಡಿ ಎಲ್ಲಮ್ಮನ ಗುಡ್ಡಕ್ಕ ಬಂದಾವ ನೀನು. ಈಗ ನಮಗ ದೇವರನ್ನ ತೋರಸಾಕ ಹತ್ತೀಯೇನ? ಇನ್ನೊಮ್ಮೆ ಈ ಸುದ್ದಿ ತಗದ್ರ ನೆಟ್ಟಗಾಗಂಗಿಲ್ಲ ನೋಡು."

ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ತೂಕಕ್ಕಾಗಿ ಸಾಲುಗಟ್ಟಿ ನಿಂತಿದ್ದವು. ಹಿಂದೆ ಮುಂದೆ ಇದ್ದ ಚಾಲಕರೆಲ್ಲ ನಕ್ಕರು. ಒಡಹುಟ್ಟಿದ ತಮ್ಮ ಸತ್ತ ಮೇಲೆ ನಿದ್ದೆಯನ್ನೇ ಮರೆತಿದ್ದ ಶ್ರೀಶೈಲನಿಗೆ ಬೈಲಹೊಂಗಲದ ಒಂದು ಪ್ರಾರ್ಥನಾ ಕೂಟದಲ್ಲಿ ಮನಸ್ಸು ತಣ್ಣಗಾಗಿತ್ತು. ಅದನ್ನು ಗೆಳೆಯರಿಗೆ ಹೇಳದೆ ಅವನಿಗೆ ಇರಲಾಗುತ್ತಿರಲಿಲ್ಲ. ಹೇಳಿದರೆ ಹೀಗೆ.

ಪಕ್ಕದ ಟ್ರ್ಯಾಕ್ಟರಿನಿಂದ ಹಿರಿಯ ಚಾಲಕ ಯಾಕೂಬಸಾಬರು ಇಳಿದು ಬಂದರು. ಪುಸ್ತಕ ಎತ್ತಿ, ಧೂಳು ಕೊಡವಿ ಶ್ರೀಶೈಲನ ಕೈಗಿಟ್ಟರು.

"ನಾ ಇನ್ನ ಯಾರಿಗೂ ಏನೂ ಹೇಳಂಗಿಲ್ರಿ ಸಾಬ್ರ," ಅಂದ ಶ್ರೀಶೈಲ.

"ಯಾಕ? ಸುಳ್ಳ ಹೇಳಾಕ ಹತ್ತಿದ್ದೇನ?"

"ಇಲ್ರಿ."

"ಮತ್ತ? ಅಂವಗ ಬ್ಯಾಡಾಗಿದ್ರ ಬಿಡು. ನನಗ ಹೇಳು, ಕೇಳ್ತೇನಿ."

ಶ್ರೀಶೈಲ ಉಮೇದಿನಿಂದ ಶುರು ಮಾಡಿದ. ಯೇಸು ಕುರುಡನಿಗೆ ಕಣ್ಣು ಕೊಟ್ಟದ್ದು, ಕುಷ್ಠರೋಗಿಯನ್ನು ಮುಟ್ಟಿದ್ದು. ಸಾಬರು ತಲೆಯಾಡಿಸಿದರು.

"ಹೌದಪಾ. ಸತ್ತಾವ್ರನ್ನೂ ಎಬ್ಬಿಸಿದ್ರು. ನಾವು ಅವ್ರಿಗೆ ಈಸಾ ಪೈಗಂಬರ್ರು ಅಂತೇವಿ, ಬೀಬಿ ಮರಿಯಮ್ಮನ ಮಗ. ನಮ್ಮವ್ವ ಹೇಳತಿದ್ಲು."

ಶ್ರೀಶೈಲ ತಡವರಿಸಿದ. "ಸತ್ತಾವ್ರನ್ನ ಎಬ್ಬಿಸಿದ್ದು ಖರೇರಿ. ಆದ್ರ ಬರೇ ಪೈಗಂಬರ ಅಲ್ರಿ. ದೇವರ ಮಗ. ನಮ್ಮ ಸಲುವಾಗಿ ಶಿಲುಬಿ ಮ್ಯಾಲ ಸತ್ತಾನ."

"ಅದನ್ನ ನಾವು ಒಪ್ಪಂಗಿಲ್ಲ."

"ಹಂಗಾರ ನಿಲ್ಲಸ್ಲೇನ್ರಿ?"

"ಒಪ್ಪಂಗಿಲ್ಲ ಅಂದೆ. ಬಾಯಿ ಮುಚ್ಚು ಅಂದ್ನೇನ? ಮುಂದ ಹೇಳು."

ಇಷ್ಟು ದಿನದಲ್ಲಿ ಇವರಷ್ಟು ಧೈರ್ಯ ಕೊಟ್ಟವರಿಲ್ಲ. ಆದರೆ ಇವರೇ ತನ್ನ ಮಾತು ನಂಬುತ್ತಿಲ್ಲ. ಹೇಳಿದ್ದು ನಾಟಿತೋ, ನೀರುಪಾಲಾಯಿತೋ ಶ್ರೀಶೈಲನಿಗೆ ಒಂದೂ ತಿಳಿಯದಾಯಿತು.

ಅಷ್ಟರಲ್ಲಿ ಬೀರಪ್ಪ ಟ್ರ್ಯಾಕ್ಟರ್ ಇಳಿದು ಹತ್ತಿರ ಬಂದ. ಬೈಯಲಿಕ್ಕೇ ಬಂದ ಅಂದುಕೊಂಡು ಶ್ರೀಶೈಲ ಹಿಂದೆ ಸರಿದ.

"ಸತ್ತಾವ್ರನ್ನ ಎಬ್ಬಿಸಿದಾ ಅಂದ್ರಿ," ಅಂದ ಬೀರಪ್ಪ. "ಇಬ್ಬರೂ ಅದನ್ನ ಅಂತೀರಿ."

ದೀಪಾವಳಿಯ ಹೊತ್ತಿಗೆ ಅವನ ಸಣ್ಣ ಮಗಳು ಜ್ವರ ಬಂದು ತೀರಿಕೊಂಡದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ನಮ್ಮಾಕಿ ಅವತ್ತಿನಿಂದ ಮಾತ ಬಿಟ್ಟಾಳ. ಮನಿಗೆ ಬಂದು ಆಕಿಗೆ ಇದನ್ನ ಹೇಳ್ತಿಯೇನ? ನಮ್ಮ ಕೂಸನ್ನ ಯಾಕ ಎಬ್ಬಸ್ಲಿಲ್ಲ ಅಂತ ಆಕಿ ಕೇಳಿದ್ರ ಏನ್ ಹೇಳ್ತಿ?"

ಕೂಟದಲ್ಲಿ ಕಲಿತ ಬೈಬಲ್ ವಾಕ್ಯಗಳನ್ನೆಲ್ಲ ಶ್ರೀಶೈಲ ಮನಸ್ಸಿನಲ್ಲೇ ತಡಕಾಡಿದ. ಯಾಕೂಬಸಾಬರ ಮುಖ ನೋಡಿದ.

"ಗೊತ್ತಿಲ್ಲೋ ಬೀರಪ್ಪ," ಅಂದ ಕೊನೆಗೆ.

"ಹಂಗಾರ ಬಾ," ಅಂದ ಬೀರಪ್ಪ. "ಇಲ್ಲೀತನಕ ಸಮಾಧಾನ ಹೇಳಾಕ ಬಂದಾವ್ರೆಲ್ಲಾ ತಮಗ ಗೊತ್ತೈತಿ ಅಂತ ಹೇಳಿ ಹೋದ್ರು."