ಎರಡು ಬೀಗ

ಸೈರನ್ ಕೂಗಿದಾಗ ಮೈದುನ ಫ್ಯಾನಿನ ಹೊಟ್ಟೆಯೊಳಗಿದ್ದ.

ಹೋಟೆಲಿನ ತಾರಸಿಯ ಮೇಲಿದ್ದ ಆ ಫ್ಯಾನು ಆಳೆತ್ತರದ್ದು. ಕೆಳಗೆ ಎಲ್ಲಿ ಹೊಗೆ ಎದ್ದರೂ ತಾನಾಗಿಯೇ ತಿರುಗಿ, ಅದನ್ನೆಲ್ಲ ಎಳೆದು ಹೊರಗೆ ಉಗುಳುವುದು ಅದರ ಕೆಲಸ. ಅದರ ರೆಕ್ಕೆಗೆ ಮೆತ್ತಿದ ಮಸಿ ಕೆರೆದು, ಬೇರಿಂಗಿಗೆ ಗ್ರೀಸು ತುಂಬಿ, ಅದನ್ನು ಸುಸ್ಥಿತಿಯಲ್ಲಿಡುವುದು ಅತ್ತಿಗೆ-ಮೈದುನರ ಕೆಲಸ. ಒಳಗೆ ಆಳಿರುವಾಗ ಅದೇನಾದರೂ ತಿರುಗಿತೋ, ಕಥೆ ಮುಗಿಯಿತು. ಅದಕ್ಕೇ ಸ್ವಿಚ್ಚು ಆರಿಸಿ, ಅದಕ್ಕೆ ಇಬ್ಬರೂ ತಮ್ಮ ತಮ್ಮ ಬೀಗ ಜಡಿದು, ಕೀಲಿಯನ್ನು ತಮ್ಮ ತಮ್ಮ ಜೇಬಿಗೆ ಇಳಿಸಿದ್ದರು.

"ಬಾರೋ ಹೊರಗೆ! ಬೆಂಕಿ ಅಂತೆ ಕಣೋ!" ಅತ್ತಿಗೆ ಫ್ಯಾನಿನ ಬಾಗಿಲಿಗೆ ಬಾಯಿಟ್ಟು ಕೂಗಿದಳು. ಸೈರನ್ ಅವಳ ದನಿಯನ್ನು ನುಂಗಿಹಾಕಿತು. ರೆಕ್ಕೆಗಳ ಆಚೆ, ಕೆಳಗಿನಿಂದ ಹೊಗೆ ತರುವ ತಗಡಿನ ಕೊಳವೆ ಬಾಗುವ ಕಡೆಗೆ ಟಾರ್ಚು ಹಿಡಿದು ನೋಡಿದಳು. ಯಾರೂ ಕಾಣಲಿಲ್ಲ.

ಅಷ್ಟರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಬೀಗ ಕತ್ತರಿಸುವ ಉದ್ದನೆಯ ಕಟ್ಟರ್.

"ಲಾಂಡ್ರೀಲಿ ಬೆಂಕಿ ಹೊತ್ಕೊಂಡಿದೆ, ಅಕ್ಕಾ! ಬೇಗ ಫ್ಯಾನ್ ಹಾಕಿ. ಒಳಗಿರೋ ಹೆಂಗಸರಿಗೆ ಹೊಗೇಲಿ ಬಾಗಿಲೇ ಕಾಣ್ತಿಲ್ಲ!"

ನೆಲಮಾಳಿಗೆಯ ಆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರಲ್ಲಿ ಅವಳ ಅತ್ತೆಯೂ ಒಬ್ಬರು. ಬೆಳಿಗ್ಗೆ ಮೂವರೂ ಒಂದೇ ಬಸ್ಸಿನಲ್ಲಿ, ಒಬ್ಬರಿಗೊಬ್ಬರು ಸೀಟು ಹಿಡಿದುಕೊಂಡು ಬಂದಿದ್ದರು. ಅವಳು ಜೇಬು ತಡಕಿ ತನ್ನ ಬೀಗ ತೆಗೆದಳು. ಇನ್ನೊಂದು ಅಲ್ಲೇ ಜೋತಾಡುತ್ತಿತ್ತು.

"ಅದನ್ನೂ ತೆಗೀರಿ!"

"ಅದರ ಕೀ ನನ್ನ ಮೈದುನನ ಹತ್ರ ಇದೆ. ಅವನು ಒಳಗಿದ್ದಾನೆ."

"ಒಳಗೆಲ್ಲಿ? ಆಗಲೇ ಟೀ ಕುಡಿಯೋಕೆ ಇಳಿದು ಹೋದ. ನಾನೇ ನೋಡಿದೆ, ಇದೇ ನೀಲಿ ಬಟ್ಟೆ. ಸರೀರಿ, ಕತ್ತರಿಸಿ ಬಿಸಾಡ್ತೀನಿ."

ಅವಳಿಗೆ ಒಂದು ಗಳಿಗೆ ಅನುಮಾನ ಹುಟ್ಟಿತು. ತಾನು ಗ್ರೀಸಿನ ಡಬ್ಬಿ ತರಲು ತಾರಸಿಯ ಆ ತುದಿಗೆ ಹೋಗಿದ್ದುಂಟು. ಆಗ ಅವನು ಕಣ್ಣು ತಪ್ಪಿಸಿ ಇಳಿದುಹೋಗಿದ್ದರೆ? ಟೀ ಎಂದರೆ ಪ್ರಾಣ ಬಿಡುವ ಆಸಾಮಿ. ಹಾಗಾದರೆ ಖಾಲಿ ಫ್ಯಾನಿಗೆ ಕಾವಲು ನಿಂತು, ಕೆಳಗೆ ಅವನ ತಾಯಿಯ ಉಸಿರು ಕಟ್ಟಿಸುತ್ತಿದ್ದೇನೆಯೇ?

ಆದರೂ ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. "ಅವನ ಮುಖ ನೋಡೋವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಕೆಳಗೆ ನಿಮ್ಮ ಅತ್ತೆ ಇದ್ದಾರೆ ಅಕ್ಕಾ!" ಅವನ ಕಣ್ಣಲ್ಲಿ ನೀರು ಬಂದಿತ್ತು.

"ಗೊತ್ತು," ಎಂದಳು. ಅವನ ಕೈಯಿಂದ ಕಟ್ಟರ್ ಕಸಿದುಕೊಂಡು, ಅದರಿಂದಲೇ ಕೊಳವೆಯ ತಗಡನ್ನು ಬಡಿಯತೊಡಗಿದಳು. ಧಣ್, ಧಣ್, ಧಣ್. ಬಾಗಿಲಿನಿಂದ ಹೊಗೆ ಎಳೆಎಳೆಯಾಗಿ ಹೊರಬರುತ್ತಿತ್ತು. ಬಡಿಯುವುದನ್ನು ನಿಲ್ಲಿಸಿ ತಗಡಿಗೆ ಕಿವಿಯಿಟ್ಟಳು. ಒಳಗಿನಿಂದ ಯಾರೋ ಬಡಿದರು. ಟಕ್. ಟಕ್ ಟಕ್.

ಸೂಪರ್‌ವೈಸರನಿಗೂ ಅದು ಕೇಳಿಸಿತು. ಮರುಗಳಿಗೆಯೇ ಅವನು ಸೊಂಟದವರೆಗೂ ಬಾಗಿಲೊಳಗೆ ತೂರಿ, "ಈ ಕಡೆ ಬಾರಪ್ಪಾ, ಈ ಕಡೆ!" ಎಂದು ಅರಚುತ್ತಿದ್ದ. ಅವಳು ತಗಡು ಬಡಿಯುತ್ತಲೇ ಇದ್ದಳು. ಕೊನೆಗೆ ಅವನು ಒಂದು ತೋಳು ಹಿಡಿದೆಳೆದ. ಮಸಿ ಮೆತ್ತಿದ ಮೈದುನ ಕೆಮ್ಮುತ್ತ ಹೊರಗೆ ಉರುಳಿದ.

"ದಿಕ್ಕೇ ತಪ್ಪೋಯ್ತು ಅತ್ತಿಗೆ. ನೀವು ಬಡಿದಿದ್ದಕ್ಕೆ..."

"ಆಮೇಲೆ ಹೇಳುವೆಯಂತೆ. ಒಳಗೆ ಏನು ಬಿಟ್ಟಿದ್ದೀಯ?"

"ಬ್ರಶ್ಶು."

ಅದನ್ನು ಎಳೆದು ಹಾಕಿ, ಬಾಗಿಲು ಮುಚ್ಚಿ ಬಿಗಿದಳು. ಮೈದುನ ಕೀಲಿ ತೆಗೆದ. ಮಸಿ ತುಂಬಿದ ಕಣ್ಣಿಗೆ ಬೀಗದ ತೂತು ಕಾಣಲೊಲ್ಲದು. ಅವಳು ಅವನ ಮಣಿಕಟ್ಟು ಹಿಡಿದು ಕೀಲಿಯನ್ನು ಅದರೊಳಗೆ ಇಳಿಸಿದಳು. ಬೀಗ ಕಳಚಿತು. ಸ್ವಿಚ್ಚು ಮೇಲೇರಿತು. ಫ್ಯಾನು ಒಮ್ಮೆ ನರಳಿ, ಆಮೇಲೆ ಮೊರೆಯಿತು. ಆಚೆ ಬದಿಯಿಂದ ಕಪ್ಪು ಹೊಗೆ ಭುಸ್ಸೆಂದು ಆಕಾಶಕ್ಕೆ ಚಿಮ್ಮಿತು. ಅದು ಕಪ್ಪಿನಿಂದ ಬೂದಿಬಣ್ಣಕ್ಕೆ ತಿರುಗುವವರೆಗೂ ಮೂವರೂ ಕಣ್ಣು ಕೀಳದೆ ನಿಂತಿದ್ದರು. ಆಮೇಲೆ ಮೆಟ್ಟಿಲಿಳಿದು ಬಿದ್ದಂಬೀಳ ಓಡಿದರು.

ಹಿತ್ತಲಿನ ಅಂಗಳದಲ್ಲಿ ಲಾಂಡ್ರಿಯ ಹೆಂಗಸರೆಲ್ಲ ಒದ್ದೆ ಬೆಡ್‌ಶೀಟು ಹೊದ್ದು ಕೂತಿದ್ದರು. ಹೊಗೆ ತುಂಬಿದಾಗ ಎಲ್ಲರೂ ನೆಲಕ್ಕೆ ಮುಖವಿಟ್ಟು ಮಲಗಿದ್ದರಂತೆ. ಫ್ಯಾನು ಎಳೆಯತೊಡಗಿದ ಮೇಲೆ ಬಾಗಿಲು ಕಂಡು, ಒಬ್ಬರ ಹಿಂದೊಬ್ಬರು ತೆವಳಿಕೊಂಡು ಹೊರಗೆ ಬಂದರಂತೆ. ಬೆಂಕಿ ಆರಿಸುವವರು ಬರುವ ಹೊತ್ತಿಗೆ ಒಳಗೆ ಯಾರೂ ಉಳಿದಿರಲಿಲ್ಲ; ಸುಟ್ಟದ್ದು ಬಟ್ಟೆ ಒಣಗಿಸುವ ಡ್ರೈಯರ್ ಒಂದೇ. ಯಾರ ಕೂದಲೂ ಕೊಂಕಿರಲಿಲ್ಲ.

ಅತ್ತೆ ನೀರು ಕುಡಿಯುತ್ತ, ಕೆಮ್ಮುತ್ತ, ನಡುನಡುವೆ ಡ್ರೈಯರಿಗೆ ಹಿಡಿಶಾಪ ಹಾಕುತ್ತಿದ್ದರು. ಆ ಬೈಗುಳ ಕಿವಿಗೆ ಬಿದ್ದದ್ದೇ ಸೊಸೆ ಹೋಗಿ ಅವರ ಪಕ್ಕದಲ್ಲಿ ಕೂತಳು.

ಸೂಪರ್‌ವೈಸರನಿಗೆ ತಡೆಯಲಾಗಲಿಲ್ಲ. "ಅಮ್ಮಾ, ನಿಮ್ಮ ಮಗ ಫ್ಯಾನಿನೊಳಗಿದ್ದ. ನಾನು ಯಾರನ್ನೋ ನೋಡಿ ಅವನೇ ಅಂದ್ಕೊಂಡು, ಅವನ ಬೀಗ ಕತ್ತರಿಸೋಕೆ ಹೋಗಿದ್ದೆ. ಇವರು ಬಿಡಲಿಲ್ಲ. ಅದಕ್ಕೇ ಫ್ಯಾನ್ ಹಾಕೋದು ತಡ ಆಯ್ತು."

ಅತ್ತೆ ಮಗನನ್ನು ಹತ್ತಿರಕ್ಕೆಳೆದು, ಬೆಡ್‌ಶೀಟಿನ ಅಂಚಿನಿಂದ ಅವನ ಮುಖ ಒರೆಸಿದರು. ಮಸಿ ಇನ್ನಷ್ಟು ಹರಡಿತು. ಆಮೇಲೆ ಇನ್ನೊಂದು ಕೈ ಚಾಚಿ ಸೊಸೆಯ ಭುಜ ಹಿಡಿದುಕೊಂಡರು.

"ನೀನು ಬಿಟ್ಟಿದ್ದಿದ್ರೆ," ಎಂದರು ಒಡೆದ ದನಿಯಲ್ಲಿ, "ಈ ಉಸಿರು ಇಟ್ಕೊಂಡು ನಾನೇನು ಮಾಡ್ಬೇಕಿತ್ತೇ?"