ಹೊಟ್ಟೆಯ ಚರ್ಮ ಹೊದ್ದ ಕೈ

ಕಸಿ ಮಾಡಿದ ಚರ್ಮ ಹಳೆಯ ಜಾಗದ ಅಭ್ಯಾಸ ಬಿಡುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆರತಿಯ ಬೆಂಕಿಗೆ ನನ್ನ ಬಲಗೈ ಚರ್ಮ ಸುಟ್ಟುಹೋದಾಗ ಡಾಕ್ಟರು ಕೇಳಿದರು: "ಬೆನ್ನಿಂದು ಹಾಕಿದ್ರೆ ಒರಗಿದಲ್ಲೇ ನಿದ್ದೆ ಹೋಗುತ್ತೆ. ಹೊಟ್ಟೆದು ಹಾಕಿದ್ರೆ, ತಿಂದು ರೂಢಿಯಾದ ಹೊತ್ತಿಗೆ ಗುರ್ರ್ ಅನ್ನುತ್ತೆ. ಯಾವ್ದು ಹಾಕ್ಲಿ, ಭಟ್ರೇ?"

ಹೆಂಡತಿ ಸುಜಯಾ ಪಕ್ಕದಲ್ಲೇ ಇದ್ದಳು.

"ಹೊಟ್ಟೆದೇ ಹಾಕಿ. ಮೂವತ್ತು ವರ್ಷ ಏಕಾದಶಿ ಉಪವಾಸ ಮಾಡಿದ ಹೊಟ್ಟೆ ಇದು," ಎಂದು ಜಂಬ ಕೊಚ್ಚಿಕೊಂಡೆ. ಮೂರು ವಾರ ಕೈಯನ್ನು ಹೊಟ್ಟೆಗೇ ಹೊಲಿದಿಟ್ಟರು.

ಇಂದು ಏಕಾದಶಿ. ಹನ್ನೊಂದು ಗಂಟೆಗೆ ಭಕ್ತರೆದುರು ಮಂಗಳಾರತಿ ಎತ್ತಿದೆ. ಕೈ ಗುರ್ರ್ ಎಂದಿತು. ಮೂವತ್ತು ವರ್ಷ ದೇವರೂ ಬಾಯಿಬಿಡದಿದ್ದ ಗುಟ್ಟನ್ನು ಕೈ ಹೇಳಿಬಿಟ್ಟಿತು!

ಸುಜಯಾ ಗಂಟೆ ಬಾರಿಸುವುದನ್ನು ನಿಲ್ಲಿಸಿದಳು. "ಏಕಾದಶಿಗೊಮ್ಮೆ ಕೋಡುಬಳೆ ಡಬ್ಬಿ ಖಾಲಿಯಾದಾಗೆಲ್ಲ ಪಾಪ, ಇಲಿಗಳಿಗೆ ಶಾಪ ಹಾಕ್ತಿದ್ನಲ್ರೀ!"